ಎಲುಬು ಕಳೆದ ತೂಕ

ಸತ್ತೆಪ್ಪನ ಎಡ ಪುಪ್ಪುಸವನ್ನು ಕ್ಷಯ ತಿಂದುಹಾಕಿತ್ತು. ಎಂಟು ತಿಂಗಳು ಗುಳಿಗೆ ನುಂಗಿದ ಮೇಲೆ ಕಫದಲ್ಲಿ ರೋಗವಿಲ್ಲವೆಂದು ವರದಿ ಬಂದರೂ ಕೆಮ್ಮಿದಾಗ ರಕ್ತ ಬೀಳುವುದು ನಿಲ್ಲಲಿಲ್ಲ. ಕೆಟ್ಟ ಭಾಗವನ್ನು ಕೊಯ್ದು ತೆಗೆಯಬೇಕು, ಆದರೆ ಮೂವತ್ತೊಂಬತ್ತು ಕಿಲೋದ ಮನುಷ್ಯ ಅದನ್ನು ತಾಳಲಾರ, ನಲವತ್ತೈದು ಮಾಡಿಕೊಂಡು ಬನ್ನಿ ಎಂದು ದೊಡ್ಡ ಡಾಕ್ಟರು ಹೇಳಿ ಕಳಿಸಿದರು.

ಸತ್ತೆಪ್ಪ ನಾಗನೂರಿನವನು. ಕುರಿಗಳ ಬೆನ್ನು ಹತ್ತಿ ಅರ್ಧ ಜಿಲ್ಲೆಯನ್ನು ಕಾಲಲ್ಲೇ ಸುತ್ತಿದವನು. ಹೆಂಡತಿ ತೀರಿಕೊಂಡು ಐದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವನನ್ನು ಮೂಡಲಗಿಯ ತನ್ನ ಮನೆಗೆ ಕರೆತಂದವಳು ತಂಗಿ ಕಸ್ತೂರಿ. ಕುಪ್ಪಸ ಹೊಲಿದು ಬದುಕುವ ಒಂಟಿ ಹೆಂಗಸು. ಕಾಲು ಇಂಚು ಆಚೀಚೆಯಾದರೂ ಬಿಚ್ಚಿ ಮತ್ತೆ ಹೊಲಿಯುವವಳು.

ಗೋಕಾಕದ ಆಸ್ಪತ್ರೆಯಲ್ಲಿ ಆಹಾರದ ಸಲಹೆ ಕೊಡುವ ರಾಧಿಕಾ ಒಂದು ಹಾಳೆ ಬರೆದುಕೊಟ್ಟಿದ್ದಳು. ದಿನಕ್ಕೆ ಎರಡು ಸಾವಿರದ ಮುನ್ನೂರು ಕ್ಯಾಲರಿ. ಹಾಲು, ತತ್ತಿ, ಶೇಂಗಾ, ರೊಟ್ಟಿ, ಮುನ್ನೂರು ಗ್ರಾಂ ಮಟನ್. ಕಸ್ತೂರಿ ಬ್ಯಾಟರಿಯ ತಕ್ಕಡಿ ತಂದಳು, ನೂರು ಪುಟದ ನೋಟಬುಕ್ಕಿಗೆ ಗೆರೆ ಹಾಕಿದಳು. ಕಲ್ಲಪ್ಪನ ಅಂಗಡಿಯಿಂದ ಮಟನ್ ಬಂದ ಕೂಡಲೇ ತೂಗಿ, ಮುನ್ನೂರು ಎಂದು ಬರೆದು, ಒಲೆಗಿಡುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ.

ಮೂರು ವಾರದ ಮೇಲೆ ಗೋಕಾಕದಲ್ಲಿ ಅಣ್ಣನನ್ನು ತೂಗಿದರೆ ಬರೀ ಮುನ್ನೂರು ಗ್ರಾಂ ಏರಿದ್ದ.

ರಾಧಿಕಾ ನೋಟಬುಕ್ಕಿನ ಪುಟ ತಿರುವಿ ಹಾಕಿ ಕೇಳಿದಳು: "ಅಕ್ಕಾರ, ಮಟನ್ ಎಲುಬು ಸಮೇತ ತೂಗಿದ್ರ್ಯಾ?"

"ಹೌದ್ರಿ. ಅಂಗಡ್ಯಾಗ ಹಂಗ ಕೊಡತಾರಲ್ರಿ."

"ನಾ ಬರದಿದ್ದು ಬರೇ ಮಾಂಸದ ತೂಕ್ರಿ. ಮುನ್ನೂರರಾಗ ನೂರು ಗ್ರಾಂ ಆದ್ರೂ ಎಲುಬು ಇರತೈತಿ. ದಿನಾ ಅಷ್ಟು ಕ್ಯಾಲರಿ ಹೊಟ್ಟಿಗಿ ಹೋಗೇ ಇಲ್ಲ, ಬರೇ ಪುಸ್ತಕದಾಗ ಐತಿ." ಅವಳ ಮುಖ ಸಪ್ಪಗಾಯಿತು. "ಹಾಳ್ಯಾಗ ಬಿಡಿಸಿ ಬರೀಬೇಕಿತ್ತು. ನಂದೂ ತಪ್ಪೈತಿ."

ಆಮೇಲೆ ಸಮಾಧಾನದಿಂದ ತಿಳಿಸಿ ಹೇಳಿದಳು. ಒಂದೋ, ಹಸಿ ಮಾಂಸವನ್ನು ಎಲುಬಿನಿಂದ ಬಿಡಿಸಿ ತೂಗಬೇಕು. ಇಲ್ಲವೇ, ಬೇಯಿಸಿದ ತುಂಡುಗಳನ್ನು ರಸ ಬಸಿದು ತೂಗಿ, ಉಂಡ ಮೇಲೆ ಉಳಿದ ಎಲುಬು ತೂಗಿ ಕಳೆಯಬೇಕು. ಬೆಂದ ಮಾಂಸದ ಕ್ಯಾಲರಿ ಬೇರೆ, ಅದಕ್ಕೆ ಬೇರೆ ಹಾಳೆ. ಹಸಿಯ ತೂಕದಿಂದ ಬೆಂದ ಎಲುಬನ್ನು ಕಳೆದರೆ ಲೆಕ್ಕ ಮತ್ತೆ ಕೆಡುತ್ತದೆ.

ಬಸ್ಸಿನಲ್ಲಿ ಕಸ್ತೂರಿ ಅಣ್ಣನ ಮುಖ ನೋಡಲಿಲ್ಲ. "ಮೂರು ವಾರ ನಿನಗ ಎಲುಬು ಉಣಿಸೇನಿ ನೋಡು," ಎಂದಳು. ಸತ್ತೆಪ್ಪ ನಕ್ಕ, ನಗು ಕೆಮ್ಮಾಯಿತು.

ಎಲುಬಿನ ರಸವೆಂದರೆ ಅವನಿಗೆ ಪ್ರಾಣ. ಅದಕ್ಕೆ ಅವಳು ಎರಡನೆಯ ದಾರಿ ಹಿಡಿದು ಮಟನ್ ಹೆಚ್ಚು ತರಿಸತೊಡಗಿದಳು. ಗಂಗಾಳಕ್ಕೆ ಬಡಿಸುವಾಗ ಮುನ್ನೂರು, ಉಂಡ ಮೇಲೆ ಉಳಿದದ್ದು ನೂರಾ ಹತ್ತು. ಮೊದಲ ನಾಲ್ಕು ದಿನ ಚೆನ್ನಾಗಿಯೇ ಹೋಯಿತು. ಐದನೆಯ ದಿನ ಉಳಿದದ್ದು ನೂರಾ ಅರವತ್ತು. ಮರುದಿನ ನೂರಾ ತೊಂಬತ್ತು. ಕಸ್ತೂರಿಯ ಮೈ ಉರಿಯಿತು. ಉಳಿದದ್ದನ್ನೆಲ್ಲ ಡಬ್ಬಿಗೆ ಸುರುವಿಕೊಂಡು ನೆಟ್ಟಗೆ ಅಂಗಡಿಗೆ ಹೋದಳು.

"ಕಲ್ಲಪ್ಪ ಕಾಕಾ, ಜಡ್ಡಿನ ಮನಶ್ಯಾಗ ಬರೇ ಎಲುಬು ಹಾಕಿ ಕೊಡತೀರಲ್ಲ, ನಿಮಗ ಕರುಳಿಲ್ಲೇನ್ರಿ?"

ಗಿರಾಕಿಗಳು ತಿರುಗಿ ನೋಡಿದರು. ಕಲ್ಲಪ್ಪ ಡಬ್ಬಿ ತೆಗೆದುಕೊಂಡು ಹಲಗೆಯ ಮೇಲೆ ಸುರಿದ. ಚೂರಿಯ ತುದಿಯಿಂದ ಎಲುಬುಗಳನ್ನು ಒಂದು ಬದಿಗೆ ಸರಿಸಿದ. ಅಡಿಯಲ್ಲಿ ಅಗಿದು ಬೆಳ್ಳಗಾದ ಮಾಂಸದ ನಾರು ಮುಷ್ಟಿಯಷ್ಟಿತ್ತು.

"ರಸಾ ಹೀರಿ ಬಿಟ್ಟಾನವಾ," ಎಂದ ಮೆಲ್ಲಗೆ. "ನುಂಗೇ ಇಲ್ಲ."

ಕಸ್ತೂರಿ ಗಂಗಾಳವನ್ನು ಹಾಗೆಯೇ ತಕ್ಕಡಿಗೆ ಬೋರಲು ಹಾಕುತ್ತಿದ್ದಳು. ಅಂಕಿ ಒಂದನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಮೊದಲ ಮೂರು ವಾರ ಏನೇನು ಉಳಿದಿತ್ತೋ, ಅದೂ ಗೊತ್ತಿರಲಿಲ್ಲ. ಎಲ್ಲ ನಾಯಿಗೆ ಹೋಗಿತ್ತು.

ಮನೆಗೆ ಬಂದು ಅಣ್ಣನ ಮುಂದೆ ಕುಳಿತಳು. "ಯಾಕ ಹೇಳಲಿಲ್ಲ?"

ಸತ್ತೆಪ್ಪ ಗೋಡೆಯತ್ತ ಮುಖ ತಿರುಗಿಸಿದ. "ಅಗ್ಯಾಕ ಹತ್ತಿದ್ರ ಉಸಿರು ಸಾಲವಲ್ದು. ನುಂಗೂ ಮುಂದ ಕೆಮ್ಮ ಬರತೈತಿ, ಕೆಮ್ಮಿದ್ರ ರಕ್ತ ಬರತೈತಿ. ಅಂಜಿಕಿ ಆಗತೈತಿ ಕಸ್ತೂರಿ. ನೀ ಅಷ್ಟ ಕಾಳಜಿಲೆ ಬರಕೋತ ಕುಂತಿರತಿದ್ದಿ. ಹೆಂಗ ಹೇಳ್ಲಿ?"

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ.

ಮರುದಿನ ಕಲ್ಲಪ್ಪನೇ ಎಲುಬು ಬಿಡಿಸಿ, ಮಾಂಸವನ್ನು ಸಣ್ಣಗೆ ಕೊಚ್ಚಿ ಖೀಮಾ ಮಾಡಿಕೊಟ್ಟ. ಕಸ್ತೂರಿ ಅದನ್ನು ಹಣ್ಣಾಗುವಂತೆ ಬೇಯಿಸಿ, ಅನ್ನದಲ್ಲಿ ಕಿವುಚಿ, ಅಣ್ಣನ ಬಾಜೂಕೆ ಕುಳಿತು ಚಮಚೆಯಲ್ಲಿ ಉಣಿಸಿದಳು. ಒಂದು ಊಟಕ್ಕೆ ಒಂದು ತಾಸು ಹಿಡಿಯಿತು. ಹೊಲಿಗೆಯ ಬಟ್ಟೆ ಮೂಲೆಯಲ್ಲಿ ಗುಡ್ಡೆಯಾಯಿತು. ತಿಂಗಳೊಪ್ಪತ್ತಿಗೆ ಸತ್ತೆಪ್ಪ ನಲವತ್ತೆರಡು ಕಿಲೋ ದಾಟಿದ. ಗಲ್ಲದ ಗುಳಿ ತುಸು ತುಂಬಿತ್ತು. ಕುರಿಗಳ ಸುದ್ದಿ ಕೇಳಲು ನಾಗನೂರಿಗೆ ತಾನೇ ಫೋನ್ ಹಚ್ಚಿದ.

ಒಂದು ಮಂಗಳವಾರ ಮುಂಜಾನೆ ಹಲ್ಲುಜ್ಜುವಾಗ ಕೆಮ್ಮು ಹತ್ತಿತು. ಈ ಸಲ ರಕ್ತ ನಿಲ್ಲಲೇ ಇಲ್ಲ. ಬಾಡಿಗೆ ಗಾಡಿಯಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಸ್ತೂರಿ ಗೋಕಾಕದ ದಾರಿ ಹಿಡಿದಳು. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಗೋಕಾಕ ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗ ಅವನ ಕೈ ಅವಳ ಸೆರಗು ಬಿಟ್ಟಿತು.

ಸತ್ತೆಪ್ಪನ ದಿವಸದ ಕಾರ್ಯ ಮುಗಿದ ಮೇಲೆ ರಾಧಿಕಾ ಫೋನ್ ಮಾಡಿದಳು.

"ಮದಲಿನ ಮೂರು ವಾರ ಸರಿ ತೂಗಿದ್ರ, ಅಂವಾ ಉಳೀತಿದ್ನ್ಯಾ?" ಎಂದು ಕಸ್ತೂರಿ ಕೇಳಿದಳು.

ರಾಧಿಕಾ ಸುಳ್ಳು ಹೇಳಲಿಲ್ಲ. "ಗೊತ್ತಿಲ್ರಿ ಅಕ್ಕಾರ," ಎಂದಳು. ಆಮೇಲೆ, "ಹುಕ್ಕೇರಿಯವರೊಬ್ರು ಅದಾರ್ರಿ, ಸುಂದ್ರವ್ವ ಅಂತ. ಮಗಗ ಹಿಂಗ ಆಗೇತಿ. ನಾ ಹೇಳಿದ್ದು ಅವರಿಗೆ ತಿಳೀವಲ್ದು. ನಿಮ್ಮ ನಂಬರ ಕೊಡ್ಲ್ಯಾ?" ಎಂದಳು.

ಬೇಡವೆನ್ನಬೇಕೆಂದು ಕಸ್ತೂರಿಯ ಬಾಯಿಗೆ ಬಂದಿತ್ತು. ಆದರೂ ಕೊಡ್ರಿ ಎಂದಳು.

ಸಂಜೆ ಸುಂದ್ರವ್ವನ ಫೋನ್ ಬಂತು. ಅಂಜಿದ ದನಿ. "ಎಲುಬು ಹೆಂಗ ಕಳೀಬೇಕವಾ?"

"ಮದಲ ಎಲುಬು ಬಿಡಿಸಿ ತೂಗ್ರಿ," ಎಂದಳು ಕಸ್ತೂರಿ. "ಸಣ್ಣಗ ಕೊಚ್ಚಿಸ್ರಿ. ಉಣ್ಣೂ ಮುಂದ ಬಾಜೂಕ ಕುಂದರ್ರಿ, ನುಂಗೂದ ನೋಡ್ರಿ. ಬರಿಯೂದು ಆಮ್ಯಾಲ. ಮಗ ಈಗ ಎಷ್ಟು ತೂಕ ಅದಾನ್ರಿ?"

"ಮೂವತ್ತಾರು."

ಕಸ್ತೂರಿಗೆ ಅಣ್ಣನ ಮೂವತ್ತೊಂಬತ್ತು ನೆನಪಾಯಿತು. ಅತ್ತಲಿಂದ ಸುಂದ್ರವ್ವ ಹಲೋ, ಹಲೋ ಎಂದು ಕೂಗಿದಳು.

"ಇಲ್ಲೇ ಅದೇನ್ರಿ," ಎಂದಳು ಕಸ್ತೂರಿ. "ಇನ್ನೊಮ್ಮಿ ಹೇಳತೇನಿ, ಕೇಳ್ರಿ."