ಒಂದು ಹಿಡಿ ಕಾಳಿನ ಸದ್ದು

ಹೌಸಾಬಾಯಿಯ ಆ ನಲವತ್ತೇಳು ಸೆಕೆಂಡಿನ ಮಾತನ್ನು ಮೂರನೆಯ ಸಲ ಕೇಳಿ ಮಂದಾಕಿನಿ ಹೆಡ್‌ಫೋನು ತೆಗೆದಿಟ್ಟಳು. ಕೆಳಗೆ ಪುಣೆಯ ಸದಾಶಿವ ಪೇಠೆಯ ಗಲ್ಲಿಯಲ್ಲಿ ಸ್ಕೂಟರುಗಳ ಗದ್ದಲ. ಗುರುವಾರ ಬೆಳಿಗ್ಗೆ ಹತ್ತೂವರೆ. ಹೌಸಾಬಾಯಿಯ ಮೊಮ್ಮಗಳು ಸುಗಂಧಾ ಮುಳಶಿ ಕಡೆಯ ತನ್ನ ಹಳ್ಳಿಯಿಂದ ಬಸ್ಸು ಹತ್ತಿಯಾಗಿತ್ತು. ಮಧ್ಯಾಹ್ನದೊಳಗೆ ಬಂದು ಕೂಡುತ್ತಾಳೆ, ಅಜ್ಜಿಯ ಟೇಪನ್ನು ಪೂರ್ತಿ ಕೊಡಿ ಅನ್ನುತ್ತಾಳೆ.

"ಬರೇ ಹಾಡು ಕೊಟ್ಟು ಕಳಿಸಬ್ಯಾಡ್ರಿ ಬಾಯಿ," ಎಂದು ಫೋನಿನಲ್ಲಿ ಹೇಳಿದ್ದಳು. "ನಡುವ ಮಾತಾಡಿದ್ದೂ ಬೇಕು. ಕೆಮ್ಮಿದ್ದೂ ಬೇಕು. ನನ್ನ ಸಾಕಿದಾಕಿ ಆಕಿ. ಅವ್ವ ಅನ್ನೂದು ಆಕೀನ, ಅಪ್ಪ ಅನ್ನೂದೂ ಆಕೀನ."

ಬೀಸುಕಲ್ಲಿನ ಹಾಡುಗಳನ್ನು ಕೂಡಿಡುವ ಸಂಗ್ರಹದಲ್ಲಿ ಮಂದಾಕಿನಿಗೆ ಇದು ಹತ್ತೊಂಬತ್ತನೆಯ ವರ್ಷ. ಹಳ್ಳಿಹಳ್ಳಿ ತಿರುಗಿ ಯಾರೋ ತುಂಬಿಸಿಕೊಂಡು ಬಂದ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವುದು, ಒಂದೊಂದೇ ಹಾಡನ್ನು ಬಿಡಿಸುವುದು ಅವಳ ಕೆಲಸ. ಪರದೆಯ ಮೇಲೆ ಧ್ವನಿಯ ಅಲೆ ನಡುಗೆರೆಯನ್ನು ಮುಟ್ಟುವ ಜಾಗ ಹುಡುಕಿ ಅಲ್ಲೇ ಕತ್ತರಿ ಹಾಕಬೇಕು, ಇಲ್ಲದಿದ್ದರೆ 'ಟಕ್' ಅನ್ನುತ್ತದೆ. ಕತ್ತರಿಸಿದ ಮೇಲೆ ಫೈಲನ್ನು ಅದುಮಿ ಚಿಕ್ಕದು ಮಾಡಬಾರದು, ಅದುಮಿದಷ್ಟೂ ದನಿ ಸವೆಯುತ್ತದೆ. "ನಿಮ್ಮ ಕತ್ತರೀಲಿ ಗಾಯನೇ ಆಗೋದಿಲ್ಲವಲ್ರೀ," ಎಂದು ಸಂಗ್ರಹದ ಮುಖ್ಯಸ್ಥ ಪರಾಂಜಪೆ ತಮಾಷೆ ಮಾಡುತ್ತಿದ್ದರು.

ಇವತ್ತು ಆ ಮಾತು ನೆನಪಾಗಿ ನಗು ಬರಲಿಲ್ಲ.

ಟೇಪಿನಲ್ಲಿ ಹೌಸಾಬಾಯಿ ನೆರೆಯ ಗೋದೂಬಾಯಿಯ ಜೊತೆ ಕೂತು ಬೀಸುತ್ತಾಳೆ. ಹದಿನಾಲ್ಕನೆಯ ಹಾಡು ಮುಗಿದಾಗ ರೆಕಾರ್ಡು ಮಾಡುವವರು ನೀರು ಕುಡಿಯಲು ಹೊರಗೆ ಹೋಗಿರಬೇಕು, ಯಂತ್ರ ನಿಲ್ಲಿಸಲು ಮರೆತಿರಬೇಕು. ಕಲ್ಲು ಮೆಲ್ಲಗೆ ತಿರುಗುತ್ತಲೇ ಇರುತ್ತದೆ. ಹೌಸಾಬಾಯಿ ಹೇಳುತ್ತಾಳೆ: "ಗೋದೂ, ಅವತ್ತ ತಾನಿ ಬಾವ್ಯಾಗಿಂದ ಕೂಗಿದ್ದು ನನಗ ಕೇಳಿತ್ತು. 'ಅತ್ತೀ' ಅಂತ ಎರಡ ಸಲ ಕೂಗಿದ್ಲು. ಮುಂಜಾನಿ ಜಗಳಾಡಿದ್ವಲ್ಲ, ಕೊಡಾ ಎತ್ತಾಕ ಕರೀತಾಳ, ಕರೀಲಿ ಬಿಡು ಅಂದೆ. ಕಲ್ಲು ಬಿಟ್ಟು ಏಳಲಿಲ್ಲ." ಗೋದೂಬಾಯಿ ಗದರುತ್ತಾಳೆ: "ಸುಮ್ನಿರ ನಮ್ಮವ್ವ, ಪೋರಿ ಅಂಗಳದಾಗ ಅದಾಳ." ಒಂದು ಬಿಕ್ಕು. ಮತ್ತೆ ಹಾಡು.

ತಾನಿ ಅಂದರೆ ತಾನೂಬಾಯಿ, ಹೌಸಾಬಾಯಿಯ ಸೊಸೆ, ಸುಗಂಧಾಳ ತಾಯಿ. ಕಾಲು ಜಾರಿ ಬಾವಿಗೆ ಬಿದ್ದಳು, ಹತ್ತಿರ ಯಾರೂ ಇರಲಿಲ್ಲ ಎಂದೇ ಊರೆಲ್ಲ ತಿಳಿದದ್ದು. ಆಗ ಸುಗಂಧಾಳಿಗೆ ಮೂರು ವರ್ಷ. ಟೇಪು ತುಂಬಿಸಿದಾಗ ಎಂಟು. ಅಂಗಳದಲ್ಲಿದ್ದ ಪೋರಿ ಅವಳೇ.

ಮಂದಾಕಿನಿಯ ಗಂಡ ತೀರಿಕೊಂಡ ಹದಿಮೂರನೆಯ ದಿನ ನಾದಿನಿ ಅವಳನ್ನು ಒಳಕೋಣೆಗೆ ಕರೆದು, "ನಿನಗೆ ಗೊತ್ತಿರಲಿ ಅಂತ ಹೇಳ್ತೀನಿ," ಎಂದು ಶುರುಮಾಡಿದ್ದಳು. ಔರಂಗಾಬಾದಿನಲ್ಲಿ ಅವನಿಗೆ ಒಬ್ಬಳಿದ್ದಳಂತೆ. ಅವನಿಗಾಗಿ ಅಳುವ ಹಕ್ಕೂ ಅವತ್ತೇ ಹೋಯಿತು. ಹನ್ನೊಂದು ವರ್ಷವಾಯಿತು, ನಾದಿನಿ ಸುಳ್ಳು ಹೇಳಿರಲಿಲ್ಲ, ಆದರೂ ಮಂದಾಕಿನಿ ಅವಳನ್ನು ಕ್ಷಮಿಸಿರಲಿಲ್ಲ. ನಿಜವನ್ನು ತಂದು ಮಡಿಲಿಗೆ ಹಾಕಿ ಹೋಗುವವರು ಅದನ್ನು ಎಲ್ಲಿಡಬೇಕೆಂದು ಹೇಳಿಹೋಗುವುದಿಲ್ಲ.

ಟೇಪಿನ ಒಂದು ಪ್ರತಿ ತೆಗೆದು ಅದರಿಂದ ಆ ನಲವತ್ತೇಳು ಸೆಕೆಂಡನ್ನು ಕತ್ತರಿಸಿದಳು. ಹಿಂದೆ ಹದಿನಾಲ್ಕನೆಯ ಹಾಡಿನ ಕೊನೆ, ಮುಂದೆ ಹದಿನೈದರ ಆರಂಭ. ಅಲೆಗೆ ಅಲೆ ಕೂಡಿತು. ಕಣ್ಣು ಮುಚ್ಚಿ ಕೇಳಿದಳು. ಎಲ್ಲಿಯೂ ಎಡವಲಿಲ್ಲ.

ಸುಗಂಧಾ ಬಂದಾಗ ಹನ್ನೆರಡೂವರೆ. ಗಟ್ಟಿಮುಟ್ಟಾದ ಹೆಂಗಸು, ಊರಿನ ಅಂಗನವಾಡಿಯಲ್ಲಿ ಕೆಲಸ. ಅರಿವೆಯಲ್ಲಿ ಕಟ್ಟಿದ ಜೋಳದ ಭಾಕರಿ, ಶೇಂಗಾ ಚಟ್ನಿ ಮೇಜಿನ ಮೇಲಿಟ್ಟಳು.

"ಪುಣೆದಾಗ ಭಾಕರಿ ತಿಂತೀರೋ, ಬರೇ ಬಿಸ್ಕೀಟಿನ ಮ್ಯಾಲ ಅದೀರೋ? ಬಾಳ ಬಡಕ ಆಗೀರಲ್ರಿ."

"ನನ್ನ ಅತ್ತೆ ಇದ್ದಾಗ ದಪ್ಪ ಇದ್ದೆ ಕಣಮ್ಮಾ."

"ಖರೇ ಐತಿ. ಜಗಳಾಡಾಕ ಯಾರರೆ ಇದ್ರ ಊಟ ಮೈಗೆ ಹತ್ತತದ," ಎಂದು ಸುಗಂಧಾ ನಕ್ಕಳು. ಬರುವ ವಾರ ಪಂಚಾಯ್ತಿ ಹಾಲಿನಲ್ಲಿ ಊರ ಹೆಂಗಸರೆಲ್ಲ ಕೂತು ಈ ಟೇಪು ಕೇಳುವುದಿತ್ತು. "ಗೋದೂ ಆಜಿ ಇನ್ನೂ ಅದಾಳ್ರಿ, ಎಂಬತ್ತೆರಡು. ಕಣ್ಣು ಹೋಗ್ಯಾವ, ಕಿವಿ ಮಾತ್ರ ಬೆಕ್ಕಿಂದು. ಮುಂದಿನ ಸಾಲಿನಾಗ ನನಗ ಜಾಗಾ ಹಿಡೀರಿ ಅಂತ ಈಗಿಂದ ಹಟಾ."

ಹೆಡ್‌ಫೋನು ಹಾಕಿಕೊಂಡ ಸುಗಂಧಾ ಮೊದಲ ಹಾಡಿಗೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂರನೆಯದರ ಹೊತ್ತಿಗೆ ಅವಳ ಬಲಗೈ ತೊಡೆಯ ಮೇಲೆ ತಾನಾಗಿಯೇ ಸುತ್ತತೊಡಗಿತು, ಬೀಸುಕಲ್ಲಿನ ಹಿಡಿಗೂಟ ಹಿಡಿದವಳಂತೆ. ಮಂದಾಕಿನಿ ಎರಡು ಸಲ ಚಹಾ ಮಾಡಿದಳು. ಹದಿನಾಲ್ಕನೆಯ ಹಾಡು ಮುಗಿಯಿತು. ಹದಿನೈದು ಶುರುವಾಯಿತು.

ಸುಗಂಧಾಳ ಕೈ ನಿಂತಿತು.

"ಬಾಯಿ, ಸ್ವಲ್ಪ ಹಿಂದಕ ಒಯ್ರಿ."

ಮತ್ತೆ ಕೇಳಿದಳು. "ಇಲ್ಲಿ ಏನೋ ಹೋಗೇದ."

"ಹಳೇ ಟೇಪು. ಏನಾದ್ರೂ…"

"ಹಂಗಲ್ರಿ. ಕಾಳು ಹಾಕಿಲ್ಲ." ಸುಗಂಧಾ ಪರದೆಯತ್ತ ನೋಡಲೂ ಇಲ್ಲ. "ಈ ಹಾಡು ಮುಗಿಯೂಮುಂದ ಕಲ್ಲು ಬರಿದಾಗೇದ, ಕೇಳ್ರಿ, ಹಗುರ ಓಡತದ, ಕಲ್ಲಿಗೆ ಕಲ್ಲು ತಿಕ್ಕತದ. ಮುಂದಿನ ಹಾಡಿಗೆ ಒಮ್ಮಿಗೇ ಜಡ ಆಗೇದ, ಕಲ್ಲಿನ ಬಾಯಿ ತುಂಬೇದ. ನಡುವ ಕೈ ಬುಟ್ಟಿಗೆ ಹೋಗಬೇಕು, ಕಾಳು ಬೀಳಬೇಕು. ಎಲ್ಲಿ ಅದು?"

ಮಂದಾಕಿನಿ ಜನ್ಮದಲ್ಲಿ ಬೀಸಿದವಳಲ್ಲ. ಅವಳ ತಾಯಿಯ ಕಾಲಕ್ಕೇ ಮನೆಗೆ ಗಿರಣಿಯ ಹಿಟ್ಟು ಬರುತ್ತಿತ್ತು. ಸಾವಿರಾರು ಹಾಡು ಬಿಡಿಸಿದ್ದಳು, ಕಲ್ಲನ್ನು ಮಾತ್ರ ಅವಳು ಎಂದೂ ಕೇಳಿರಲಿಲ್ಲ. ಅದು ಹಾಡಿನ ಹಿಂದಿನ ಸದ್ದಾಗಿತ್ತು, ಅಷ್ಟೆ.

"ನೀವ ತಗದೀರಿ?"

"ಹೌದು."

"ನನ್ನ ಅವ್ವನ ಸುದ್ದೀನ?"

ಮಂದಾಕಿನಿಗೆ ಸುಳ್ಳು ಸಿಗಲಿಲ್ಲ. ಹೌದೆಂದು ತಲೆಯಾಡಿಸಿದಳು.

ಸುಗಂಧಾ ಖಾಲಿ ಕಪ್ಪನ್ನು ಬಸಿಯ ಮೇಲೆ ತಿರುಗಿಸುತ್ತ ಕೂತಳು. ಆಮೇಲೆ, "ಹಚ್ರಿ," ಅಂದಳು.

"ಬೇಡ ಸುಗಂಧಾ. ಹಾಡು ತಗೊಂಡು ಹೋಗು. ಕೇಳಿದ ಮೇಲೆ ಈ ಹಾಡು ಹೀಗೆ ಇರೋದಿಲ್ಲ ನಿನಗೆ."

"ಈಗ ಹೆಂಗ ಇರತಾವ್ರಿ? ನೀವು ಏನ ತಗದೀರಿ ಅಂತ ಸಾಯೂತನಕ ನಾನ ಒಂದೊಂದ ಹುಟ್ಟಿಸಿಕೋಂತ ಕೂಡಲೇನು? ಹಚ್ರಿ."

ಮಂದಾಕಿನಿ ಮೂಲವನ್ನು ಹಚ್ಚಿದಳು. ನಲವತ್ತೇಳು ಸೆಕೆಂಡು ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಬೆನ್ನ ಹಿಂದೆ ಅಳು ಕೇಳಿಸಲಿಲ್ಲ, ಕುರ್ಚಿ ಸರಿದದ್ದೂ ಕೇಳಿಸಲಿಲ್ಲ. ತಿರುಗಿದಾಗ ಸುಗಂಧಾ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಿದ್ದಳು.

"ಏಳು ವರ್ಷಾತು ಆಜಿ ಹೋಗಿ," ಹೆಡ್‌ಫೋನು ಇಳಿಸಿ ಅಂದಳು. "ಕಡೀ ತಿಂಗಳದಾಗ ನಾನ ಮೈ ತೊಳೀತಿದ್ದೆ. ನನ್ನ ಕೈ ಹಿಡಕೊಂಡು, ನಿನಗ ನಾ ಏನೂ ಕಡಿಮಿ ಮಾಡಿಲ್ಲಲ್ಲ ಪೋರಿ, ಅಂತ ಕೇಳತಿದ್ಲು. ದಿನಾ. ಮುದುಕಿಗೆ ಅರಳು ಮರಳು ಅಂತ ನಗತಿದ್ದೆ ನಾನು."

ಮಂದಾಕಿನಿ ಅವಳ ಹೆಗಲ ಮೇಲೆ ಕೈಯಿಟ್ಟಳು. ಸುಗಂಧಾ ಆ ಕೈ ಸರಿಸಲಿಲ್ಲ, ಹಿಡಿಯಲೂ ಇಲ್ಲ.

"ಮತ್ತ ತಗೀರಿ ಅದನ್ನ."

"ಏನು?"

"ನೀವು ತಗದಿದ್ರಲ್ಲ, ಹಂಗ. ಆದ್ರ ಸರಿಯಾಗಿ ತಗೀರಿ. ಗೋದೂ ಆಜಿ ಮುಂದ ಕೂಡತಾಳ. ಕಾಳಿಲ್ಲದ ಕಲ್ಲು ಜಡ ಆದ್ರ ಆಕೀಗೆ ಥಟ್ಟನೆ ತಿಳೀತದ. ಯಾರೋ ಕೇಳ್ಯಾರ, ಕೇಳಿ ತಗದಾರ ಅಂತ. ಇಷ್ಟು ವರ್ಷ ಮುಚ್ಚಿಟ್ಟಾಳ ಪಾಪ, ಈಗ ಅಂಜಿಸಿ ಏನು ಮಾಡೂದು?"

ಕತ್ತರಿಸಿದ ತುಂಡಿನಲ್ಲಿದ್ದ ಕಾಳಿನ ಸದ್ದು ಬಳಸುವಂತಿರಲಿಲ್ಲ, ಹೌಸಾಬಾಯಿ ಬಿಕ್ಕಿದ್ದು ಅದರ ಮೇಲೆಯೇ ಕೂತಿತ್ತು. ಇಬ್ಬರೂ ಒಂದೊಂದು ಹೆಡ್‌ಫೋನು ಹಾಕಿಕೊಂಡು ಬೇರೆ ಹಾಡುಗಳ ನಡುವೆ ಹುಡುಕಿದರು. ನಾಲ್ಕನೆಯ ಹಾಡಿನ ನಂತರದ್ದು ಆಗಲಿಲ್ಲ: "ಅದು ಗೋದಿ. ಇಲ್ಲಿ ಜೋಳ ನಡದದ." ಒಂಬತ್ತರದ್ದೂ ಆಗಲಿಲ್ಲ: "ಅದು ಗೋದೂ ಆಜಿ ಕೈ. ಬಳಿ ಸದ್ದು ಜಾಸ್ತಿ." ಹನ್ನೊಂದರ ನಂತರ ಬುಟ್ಟಿಯ ಗರಗರ, ಒಂದು ಹಿಡಿ ಜೋಳ ಬಿದ್ದ ಸದ್ದು. "ಇದು. ಇದು ಆಕೀನ." ಮೂರು ಸೆಕೆಂಡು. ಮಂದಾಕಿನಿ ಅದನ್ನು ತಂದು ಕೂಡಿಸಿದಳು. ಹಗುರವಾಗಿ ಓಡುತ್ತಿದ್ದ ಕಲ್ಲಿಗೆ ಕಾಳು ಬಿತ್ತು, ಕಲ್ಲು ಜಡವಾಯಿತು, ಹಾಡು ಎದ್ದಿತು.

"ಈಗ ತಿಳಿಯೂದಿಲ್ಲ," ಸುಗಂಧಾ ಅಂದಳು. ಮಂದಾಕಿನಿ ಹಾಡು ತುಂಬಿಸಿ ಚಾಚಿದ ಪೆನ್‌ಡ್ರೈವು ತೆಗೆದುಕೊಳ್ಳಲು ಮಾತ್ರ ಅವಳ ಕೈ ಮುಂದೆ ಬರಲಿಲ್ಲ.

"ಬಾಯಿ, ಇನ್ನೊಂದ ಕೆಲಸ. ಅದರಾಗ ನಮ್ಮ ಆಜಿ, ಅವ್ವ ಕೂಗಿದ್ದನ್ನ ಕೂಗಿ ತೋರಸ್ಯಾಳಲ್ಲ, 'ಅತ್ತೀ' ಅಂತ. ಆಜಿ ದನಿ ಅಲ್ಲ ಅದು, ಅವ್ವನಂಗ ದನಿ ಮಾಡಿ ಅಂದಾಳ. ಅವ್ವನ ದನಿ ಹೆಂಗಿತ್ತು ಅಂತ ನನಗ ನೆನಪಿಲ್ರಿ. ಅದಷ್ಟು ನನಗ ಬಿಡಿಸಿ ಕೊಡ್ರಿ."

ಮಂದಾಕಿನಿ ಆ ಕೂಗನ್ನು ಹುಡುಕಿ ಎರಡೂ ಕಡೆ ಗೆರೆ ಹಾಕಿದಳು. ಒಂದೂಕಾಲು ಸೆಕೆಂಡು. ಕೇಳಿಸಿದಳು.

"ಹಿಂದ ಕಲ್ಲಿನ ಸದ್ದು ಬರತದಲ್ರಿ. ಅದನ್ನ ತಗೀಲಿಕ್ಕೆ ಬರೂದಿಲ್ಲೇನು?"

"ಬರೋದಿಲ್ಲ ಸುಗಂಧಾ. ಎರಡೂ ಒಂದರೊಳಗೊಂದು ಕೂತಿವೆ. ಕಲ್ಲು ತೆಗೆದರೆ ದನಿ ಕೆಡುತ್ತೆ."

ಸುಗಂಧಾ ಪರದೆಯ ಮೇಲಿನ ಆ ಚಿಕ್ಕ ತುಂಡನ್ನು ನೋಡುತ್ತ ಕೂತಳು.

"ಹಂಗಾರ ಇರಲಿ," ಅಂದಳು. "ಹಂಗ ಕೊಡ್ರಿ."