ಅತ್ತೆಯ ವಾಲ್ಯೂಮ್

ನನ್ನ ಬ್ಯೂಟಿ ಪಾರ್ಲರಿನ ಕುರ್ಚಿಯಲ್ಲಿ ಕುಳಿತ ಟೀಚರಮ್ಮ ಹೇಳಿದ್ದು ಇಷ್ಟೇ: "ಲೇಯರ್ ಕಟ್ ಮಾಡಿ, ಆದ್ರೆ ಕೂದ್ಲು ತುಂಬಿದ ಹಾಗೆ ಕಾಣ್ಬೇಕು, ವಾಲ್ಯೂಮ್ ಜಾಸ್ತಿ ಇರ್ಲಿ." ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ನನ್ನ ಅತ್ತೆಗೆ ಅದರಲ್ಲಿ ಕೇಳಿಸಿದ್ದು ಒಂದೇ ಪದ. ಎದ್ದು ಹೋಗಿ ರೇಡಿಯೋದ ಕಿವಿ ಹಿಂಡಿದರು. ಹಾಡು ಅಬ್ಬರಿಸಿತು, ಟೀಚರಮ್ಮ ಎಗರಿಬಿದ್ದರು, ಅವರ ಕಿವಿ ನನ್ನ ಕತ್ತರಿಯಿಂದ ಕೂದಲೆಳೆಯಲ್ಲಿ ಪಾರಾಯಿತು.

ಸಂಜೆ ನನ್ನ ಗಂಡ ಬೀದಿಗೆಲ್ಲ ಕೇಳಿಸುವಂತೆ ಕೂಗಿ ತೀರ್ಪು ಕೊಟ್ಟೇಬಿಟ್ಟ: "ಅಮ್ಮಾ, ಕಿವಿಗೆ ಮಿಷನ್ ಹಾಕ್ಕೋ. ಇಲ್ಲಾ ಮನೇಲಿರು!"

ಮನೆಯಲ್ಲಿರುವುದೆಂದರೆ ಅತ್ತೆಗೆ ಜೈಲು. ದಿನಾ ನಾಲ್ಕು ಜನರ ಮುಖ ನೋಡದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ನನಗೂ ಅವರಿಲ್ಲದ ಅಂಗಡಿ ಬೇಡ. ಬೈದುಕೊಳ್ಳುತ್ತಲೇ ಆ ಹೆಂಗಸನ್ನು ಹಚ್ಚಿಕೊಂಡುಬಿಟ್ಟಿದ್ದೇನೆ. ಮಿಷನ್ನೋ, ತಂದ ದಿನದಿಂದ ಡಬ್ಬಿಯಲ್ಲೇ ಮಲಗಿತ್ತು.

"ಅದನ್ನ ಸಿಕ್ಕಿಸ್ಕೊಂಡ್ರೆ ಜನ ಕಿವುಡಿ ಅನ್ನಲ್ವೇನೆ?"

"ಈಗೇನು ಹಾಡುಗಾರ್ತಿ ಅಂತಿದಾರಾ ಅತ್ತೆ?"

ಇದು ಮಾತ್ರ ಅವರಿಗೆ ಸ್ಪಷ್ಟವಾಗಿ ಕೇಳಿಸಿತು. ಎರಡು ದಿನ ಮುಖ ಊದಿಸಿಕೊಂಡಿದ್ದರು.

ನಾನೂ ಬಿಡುವವಳಲ್ಲ. ತಪ್ಪೆಲ್ಲ ಅವರ ತುರುಬಿನದು. ಸೊಂಟದುದ್ದದ ಕೂದಲನ್ನು ಅಷ್ಟು ಬಿಗಿಯಾಗಿ ಎಳೆದು ಕಟ್ಟಿದರೆ ಕಿವಿ, ಅದರಲ್ಲಿನ ಮಿಷನ್ ಎಲ್ಲ ಹೊರಗೆ ಕಾಣದೆ ಇನ್ನೇನು? "ಉದ್ದ ಮುಟ್ಟಲ್ಲ, ಭಾರ ಇಳಿಸ್ತೀನಿ ಅಷ್ಟೇ" ಎಂದು ಕಿವಿಯ ಹತ್ತಿರ ಕಿರುಚಿ ಕುರ್ಚಿಯಲ್ಲಿ ಕೂರಿಸಿದೆ.

ಒದ್ದೆ ಕೂದಲನ್ನು ಪಾಲು ಪಾಲಾಗಿ ತೆಗೆದು, ನೆತ್ತಿಯ ಮೇಲಕ್ಕೆ ನೆಟ್ಟಗೆ ಎತ್ತಿ ಹಿಡಿದು, ಕತ್ತರಿಯನ್ನು ಉದ್ದುದ್ದ ಹಿಡಿದು ತುದಿಗಳನ್ನಷ್ಟೇ ಚೂರುಚೂರು ಕತ್ತರಿಸಿದೆ. ಅಡ್ಡಡ್ಡ ಕತ್ತರಿಸಿದರೆ ಮೆಟ್ಟಿಲು ಕಾಣುತ್ತದೆ. ಹೀಗೆ ಮಾಡಿದರೆ ಒಂದು ಪದರ ಇನ್ನೊಂದರ ಮೇಲೆ ಜಾರುತ್ತದೆ. ಮುಂದಿನ ಎಳೆಗಳನ್ನು ಕೆನ್ನೆಯಿಂದ ಕೆಳಗೆ ಇಳಿಜಾರು ಮಾಡಿದೆ, ಕಿವಿಯ ಮೇಲಿನದನ್ನು ಮುಟ್ಟಲಿಲ್ಲ. ತಲೆ ಬಗ್ಗಿಸಿ, ಬುಡಕ್ಕೆ ಬಿಸಿಗಾಳಿ ಬಿಟ್ಟು, ದುಂಡು ಬ್ರಷ್ಷಿನಿಂದ ಎತ್ತೆತ್ತಿ ಒಣಗಿಸಿದೆ. ಮಿಷನ್ ಸಿಕ್ಕಿಸಿ ಮೇಲೆ ಕೂದಲು ಇಳಿಬಿಟ್ಟೆ. ಪೊಲೀಸರು ಬಂದು ಹುಡುಕಿದರೂ ಸಿಗುವ ಹಾಗಿರಲಿಲ್ಲ.

ಅತ್ತೆ ಕನ್ನಡಿ ನೋಡುತ್ತಾ ತಲೆಯನ್ನು ಆ ಕಡೆ ಬೀಸಿದರು. ಉಬ್ಬಿ ನಿಂತ ಕೂದಲೆಲ್ಲ ಹಿಂದೆಯೇ ಹೋಯಿತು. ಈ ಕಡೆ ಬೀಸಿದರು. ಮತ್ತೆ ಆ ಕಡೆ.

"ಕುತ್ತಿಗೆ ಉಳುಕುತ್ತೆ ಅತ್ತೇ!"

"ಯಾಕೇ ಕಿರುಚ್ತೀಯಾ? ನಾನೇನು ಕಿವುಡೀನಾ?"

ಮರುದಿನ ಔಷಧಿ ಅಂಗಡಿಯ ಹುಡುಗಿ ಬಂದಳು. ಅವಳದು ತೀರಾ ಮೆಲುದನಿ, ನನಗೇ ಸರಿಯಾಗಿ ಕೇಳಿಸುವುದಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಹೇಳಿದಳು: "ಅಜ್ಜಿ, ನಿಮ್ ಕೂದ್ಲು ಎಷ್ಟ್ ಚೆನ್ನಾಗಿದೆ!"

ಅತ್ತೆಯ ಕೈ ಮೇಲೆದ್ದಿತು. ನಾನು ಅಷ್ಟು ಕಷ್ಟಪಟ್ಟು ಇಳಿಬಿಟ್ಟಿದ್ದ ಕೂದಲನ್ನೆಲ್ಲ ಬಾಚಿ ಕಿವಿಯ ಹಿಂದಕ್ಕೆ ತಳ್ಳಿ, ಮಿಷನ್ ಎಲ್ಲರಿಗೂ ಕಾಣುವಂತೆ ಮುಂದಕ್ಕೆ ಬಾಗಿದರು. "ಏನಂದೆ? ಇನ್ನೊಂದ್ಸಲ ಹೇಳಮ್ಮ."

ಮಿಷನ್ ಕೈಕೊಟ್ಟಿತೇ? ಹತ್ತಿರ ಹೋಗಿ ಪಿಸುಗುಟ್ಟಿದೆ: "ಕೇಳಿಸ್ಲಿಲ್ವಾ ಅತ್ತೆ?"

"ಕೇಳಿಸ್ತು ಕಣೆ," ಎಂದು ಅವರೂ ಪಿಸುಗುಟ್ಟಿದರು. "ಇನ್ನೊಂದ್ಸಲ ಹೇಳಿದ್ರೆ ಅವಳ ಗಂಟೇನು ಹೋಗುತ್ತೆ?"