ಅಡ್ಮಿರಲ್‌ಗೊಂದು ಬೇಲಿ

ಅಡುಗೆಮನೆಯ ಪರದೆ ಸರಿಸಿದರೆ ಅಡ್ಮಿರಲ್ ಮತ್ತೆ ಬೇಲಿಯ ಆಚೆ ನಿಂತಿದ್ದ. ಬೇಲಿ ಮಾತ್ರ ಏನೂ ಆಗಿಯೇ ಇಲ್ಲವೆಂಬಂತೆ ನೆಟ್ಟಗಿತ್ತು. ಒಂದು ಗೂಟ ವಾಲಿರಲಿಲ್ಲ, ಒಂದು ಪಟ್ಟಿ ಹರಿದಿರಲಿಲ್ಲ. ಮೆರಿಡಿ ಚಹಾದ ಮಗ್ಗನ್ನು ಕೈಯಲ್ಲಿ ಹಿಡಿದೇ, ನೈಟಿಯ ಮೇಲೆ ಮಳೆಕೋಟು ಏರಿಸಿ, ರಬ್ಬರ್ ಬೂಟಿಗೆ ಕಾಲು ತೂರಿಸಿಕೊಂಡು ಓಡಿದಳು. ಅರ್ಧ ಚಹಾ ಹುಲ್ಲಿನ ಪಾಲಾಯಿತು.

"ಲೋ ಹೊಟ್ಟೆಬಾಕ! ಹೆಂಗೋ ಬಂದೆ ಆಚೆ? ಹಾರ್ಕೊಂಡು ಬಂದ್ಯಾ? ನಿನ್ ಹೊಟ್ಟೆ ನೋಡ್ಕೊಂಡಿದೀಯಾ?"

ಅಡ್ಮಿರಲ್ ಬಾಯಿತುಂಬ ಹುಲ್ಲು ಇಟ್ಟುಕೊಂಡೇ ಒಮ್ಮೆ ತಿರುಗಿ ನೋಡಿದ. ಹೆಸರು ದೊಡ್ಡದಾದರೂ ಅವನು ಗಿಡ್ಡ ಕುದುರೆ, ನಾಲ್ಕು ಕಾಲಿನ ಮೇಲೆ ಇಟ್ಟ ಪೀಪಾಯಿಯ ಹಾಗಿದ್ದ. ಅಪ್ಪ ಹೋಗುವಾಗ ಇಬ್ಬರು ಹೆಣ್ಣುಮಕ್ಕಳಿಗೂ ಸೇರಿಸಿ ಬಿಟ್ಟುಹೋದ ಪ್ರಾಣಿ. ಅಕ್ಕ ಗ್ಲೆನಿಸ್ ಇರುವುದು ದೂರದ ಮ್ಯಾಲೀ ಸೀಮೆಯಲ್ಲಿ. ಅಲ್ಲಿ ಹುಲ್ಲೆಂದರೆ ಒಣ ಕಡ್ಡಿ. ತಂಗಿ ಮೆರಿಡಿ ಇರುವ ಗಿಪ್ಸ್‌ಲ್ಯಾಂಡಿನಲ್ಲಿ ಅಕ್ಟೋಬರಿನ ವಸಂತ ಬಂತೆಂದರೆ ನೋಡನೋಡುತ್ತಿದ್ದಂತೆ ಹುಲ್ಲು ಬೆಳೆಯುತ್ತದೆ. ಹಸುಗಳಿಗೆ ಅದು ಹಬ್ಬ. ಆದರೆ ಅಡ್ಮಿರಲ್‌ನಂಥ ದಢಿಯನಿಗೆ ಆ ಸಿಹಿ ಹುಲ್ಲೇ ವಿಷ. ಅತಿಯಾಗಿ ತಿಂದರೆ ಗೊರಸಿನೊಳಗೆ ಉರಿ ಹತ್ತಿಕೊಳ್ಳುತ್ತದೆ, ನಿಲ್ಲಲಾಗುವುದಿಲ್ಲ, ಕೊನೆಗೆ ನೋವಿಲ್ಲದೆ ಸಾಯಿಸುವ ಡಾಕ್ಟರ ಸೂಜಿಯೇ ಗತಿ. ಹೋದ ವಾರ ಬಂದ ಪಶುವೈದ್ಯೆ ಅವನ ಮೈಮೇಲೆಲ್ಲ ಕೈಯಾಡಿಸಿ, "ಇವನಿಗೆ ಪಕ್ಕೆಲುಬು ಅಂತ ಏನಾದ್ರೂ ಇದೆಯಾ?" ಎಂದು ಕೇಳಿದ್ದಳು. ಹುಲ್ಲುಗಾವಲನ್ನು ತಾತ್ಕಾಲಿಕ ಬೇಲಿಯಿಂದ ಕತ್ತರಿಸಿ, ಪುಟ್ಟ ಜಾಗದಲ್ಲಿ ಅವನನ್ನು ಕೂಡಿಹಾಕಿ, ದಿನಕ್ಕೆ ಒಂದು ಹೆಜ್ಜೆಯಷ್ಟೇ ಹೊಸ ಹುಲ್ಲು ಬಿಡಬೇಕು ಎಂದು ಹೇಳಿ ಹೋಗಿದ್ದಳು.

ಈ ಸುದ್ದಿ ಗ್ಲೆನಿಸ್‌ಗೆ ತಿಳಿಯುವುದು ತಡವಾಗಲಿಲ್ಲ. ಹೋದ ವಸಂತದಲ್ಲಿ ಅವಳ ಸ್ವಂತ ಕುದುರೆ ಇದೇ ರೋಗದಿಂದ ಸತ್ತಿತ್ತು, ಹಸಿರಿದ್ದ ಬೇರೆ ಊರಿಗೆ ಮೇಯಲೆಂದು ಕಳಿಸಿದ ಒಂದೇ ತಿಂಗಳಲ್ಲಿ.

"ಶನಿವಾರ ಟ್ರೇಲರ್ ಕಟ್ಕೊಂಡು ಬರ್ತೀನಿ," ಎಂದಿದ್ದಳು ಫೋನಿನಲ್ಲಿ. "ನಾನು ಬಂದಾಗ ಅವನು ಬೇಲಿ ಒಳಗಿದ್ರೆ ಸರಿ. ಆಚೆ ಕಂಡ್ನೋ, ಹತ್ತಿಸ್ಕೊಂಡು ಹೋಗೋದೇ. ಇನ್ನೊಂದು ಕುದುರೆ ಮಣ್ಣು ಮಾಡೋ ಶಕ್ತಿ ನನಗಿಲ್ಲ ಮೆರಿ."

ಅಡ್ಮಿರಲ್ ಇಲ್ಲದ ಮನೆಯನ್ನು ಮೆರಿಡಿ ಊಹಿಸಿಕೊಳ್ಳಲಾರಳು. ಬೈಯುವುದಕ್ಕಾದರೂ ಒಂದು ಜೀವ ಬೇಡವೇ?

ಅಲ್ಲಿಂದ ಶುರುವಾಯಿತು ಬೇಲಿಯ ರಾಮಾಯಣ. ಮೊದಲು ಪಕ್ಕದ ಡೈರಿಯ ಕ್ಲೆಮ್ ಬಂದ. ಜೀವನವಿಡೀ ಹಸುಗಳಿಗೆ ದಿನಕ್ಕೊಂದು ತುಂಡು ಮೇವು ಬಿಟ್ಟುಕೊಂಡು ಬಂದವನು. ಒಂದೇ ಎಳೆ ಕರೆಂಟು ತಂತಿಯನ್ನು ಹಸುವಿನ ಮೂಗಿನ ಮಟ್ಟಕ್ಕೆ ಎಳೆದು, "ನನ್ನ ಇನ್ನೂರು ಹಸು ಇದಕ್ಕೆ ನಮಸ್ಕಾರ ಹಾಕ್ತವೆ" ಎಂದು ಎದೆಯುಬ್ಬಿಸಿದ. ಅವನು ಗೇಟು ದಾಟುವ ಮೊದಲೇ ಅಡ್ಮಿರಲ್ ತಂತಿಯ ಕೆಳಗೆ ನುಸುಳಿ, ಅವನ ಹಿಂದೆಯೇ ಗೇಟಿನವರೆಗೆ ನಡೆದುಬಂದಿದ್ದ.

ಆಮೇಲೆ ಕಬ್ಬಿಣದ ಚೌಕಟ್ಟುಗಳು ಬಂದವು, ಕುದುರೆ ಮೇಳಗಳಲ್ಲಿ ಜೋಡಿಸುತ್ತಾರಲ್ಲ ಅಂಥವು. ಅವನ್ನು ದಿನಾ ಸರಿಸಲು ಇಬ್ಬರು ಗಟ್ಟಿಗರು ಬೇಕೆಂದು ಮೆರಿಡಿ ಗೊಣಗಿದಳು. ಅಡ್ಮಿರಲ್‌ಗೆ ಯಾರ ಸಹಾಯವೂ ಬೇಕಾಗಲಿಲ್ಲ. ಕತ್ತು ತೂರಿಸಿ ಒಂದು ಚೌಕಟ್ಟನ್ನು ಎತ್ತಿ, ಅದನ್ನು ಹಾರದ ಹಾಗೆ ಧರಿಸಿಕೊಂಡು, ಉಳಿದವನ್ನೂ ಮದುವೆ ದಿಬ್ಬಣದಂತೆ ಎಳೆದುಕೊಂಡು ಹೊಲದ ತುಂಬ ಮೆರವಣಿಗೆ ಹೊರಟ. ಕ್ಲೆಮ್ ಬೇಲಿಗೊರಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ಬೈಯಲು ಹೊರಟ ಮೆರಿಡಿಯೂ ನಗು ತಡೆಯಲಾರದೆ ಹುಲ್ಲಿನಲ್ಲೇ ಕುಸಿದಳು.

ಮೂರನೆಯದೇ ಈಗಿನದು. ಕುದುರೆಗೆ ದೂರದಿಂದಲೇ ಕಾಣುವ ಅಗಲವಾದ ಬಿಳಿ ಪಟ್ಟಿ, ಎದೆಮಟ್ಟಕ್ಕೊಂದು, ಹೊಟ್ಟೆಮಟ್ಟಕ್ಕೊಂದು. ಕಾಲಿನಿಂದ ತುಳಿದು ನೆಡುವ ಪ್ಲಾಸ್ಟಿಕ್ ಗೂಟಗಳು. ಮೂಲೆಯಲ್ಲಿ ಪಟ್ಟಿಗೆ ಕರೆಂಟು ಹಾಯಿಸುತ್ತ ಟಿಕ್ ಟಿಕ್ ಎನ್ನುವ ಬ್ಯಾಟರಿ ಪೆಟ್ಟಿಗೆ. ಮೊದಲ ದಿನ ಅಡ್ಮಿರಲ್ ಮೂಗಿನಿಂದ ಅದನ್ನು ವಿಚಾರಿಸಲು ಹೋಗಿ, ಏಟು ತಿಂದು, ಕಿರುಚಿಕೊಂಡು ಹಿಂದೆ ಹಾರಿದ್ದ. ಅವತ್ತು ಮೆರಿಡಿ ಗೆದ್ದೆನೆಂದು ಕುಣಿದಿದ್ದಳು. ಮರುದಿನದಿಂದ ಮಹಾಶಯ ದಿನಾ ಬೆಳಿಗ್ಗೆ ಆಚೆ! ಬೇಲಿ ಹಾಗೆಯೇ ಇದೆ, ಪೆಟ್ಟಿಗೆ ಬಡಿದುಕೊಳ್ಳುತ್ತಿದೆ, ಕುದುರೆ ಆಚೆ. ಹೇಗೆ ಚಳ್ಳೆಹಣ್ಣು ತಿನ್ನಿಸುತ್ತಾನೆ ಎನ್ನುವುದೇ ತಿಳಿಯದೆ ಅವಳ ತಲೆ ಕೆಟ್ಟುಹೋಗಿತ್ತು.

ಮತ್ತು ಇವತ್ತು ಶನಿವಾರ.

ಅವನನ್ನು ಕಿವಿ ಹಿಡಿದು ಒಳಗೆ ದಬ್ಬಿ, ಮೆರಿಡಿ ಕ್ಲೆಮ್‌ಗೆ ಫೋನ್ ಮಾಡಿದಳು. ಇಬ್ಬರೂ ನೀರಿನ ಟ್ಯಾಂಕಿನ ಹಿಂದೆ ಅವಿತು ಕುಳಿತರು. ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯುತ್ತಿತ್ತು.

"ಕ್ಲೆಮ್, ನಿನ್ನ ಮಂಡಿ ಲಟಲಟ ಅಂತಿದೆ. ಅವನಿಗೆ ಕೇಳ್ಸತ್ತೆ."

"ನನ್ನ ಮಂಡಿ ಅಲ್ಲ ಕಣೇ, ನಿನ್ನ ಹಲ್ಲು. ಮಳೆಲಿ ನೈಟಿ ಹಾಕ್ಕೊಂಡು ಪತ್ತೇದಾರಿ ಮಾಡ್ತಾರಾ ಯಾರಾದ್ರೂ?"

"ಶ್! ನೋಡು ನೋಡು!"

ಅಡ್ಮಿರಲ್ ಮೇಯುವುದನ್ನು ನಿಲ್ಲಿಸಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ಬೇಲಿಗೆ ಬೆನ್ನು ತಿರುಗಿಸಿ, ಓಣಿಯಲ್ಲಿ ರಿವರ್ಸ್ ತೆಗೆಯುವ ಲಾರಿಯ ಹಾಗೆ ನಿಧಾನವಾಗಿ ಹಿಂದೆ ಹಿಂದೆ ಬಂದ. ಅಗಲವಾದ ಕುಂಡೆ ಪಟ್ಟಿಗೆ ತಾಗಿತು. ಏನೂ ಆಗಲಿಲ್ಲ. ಗೂಟಗಳು ಬಾಗಿದವು, ಪಟ್ಟಿಗಳು ಅವನ ಬೆನ್ನಿನ ಮೇಲೆ ಜಾರುತ್ತ ಬಂದವು, ಕತ್ತಿನ ಮೇಲಿಂದ ಸರಿದವು. ಕೊನೆಗೆ ಕಿವಿ ಮಡಚಿ, ತಲೆ ತಗ್ಗಿಸಿ, ಸುಳಕ್ಕನೆ ಹೊರಬಂದ. ಬೇಲಿ ಟಣ್ಣನೆ ಪುಟಿದು ನೆಟ್ಟಗೆ ನಿಂತಿತು.

"ಕರೆಂಟೇ ಇಲ್ವಾ ಅದ್ರಲ್ಲಿ?" ಎಂದು ಕ್ಲೆಮ್ ಹೋಗಿ ಪಟ್ಟಿ ಮುಟ್ಟಿದ. ಅವನ ಬಾಯಿಂದ ಹೊರಟ ಮಾತನ್ನು ಕೇಳಿ ಟ್ಯಾಂಕಿನ ಮೇಲಿದ್ದ ಹಕ್ಕಿಗಳೆಲ್ಲ ಎದ್ದು ಹಾರಿದವು.

ಮೆರಿಡಿ ಮಾತ್ರ ಅಡ್ಮಿರಲ್‌ನನ್ನೇ ದಿಟ್ಟಿಸುತ್ತ ನಿಂತಿದ್ದಳು. ಅವನ ಮೈಮೇಲಿತ್ತು ರಗ್ಗು. ಅವಳೇ ಹೊಲಿದದ್ದು, ದಪ್ಪ ಕ್ಯಾನ್ವಾಸಿನದು, ಒಳಗೆ ಚೌಕಳಿ ಉಣ್ಣೆ, ಕತ್ತಿನಿಂದ ಬಾಲದವರೆಗೆ, ಒಂದು ಇಂಚು ಚಳಿಯೂ ನುಗ್ಗದ ಹಾಗೆ. ಚಳಿಯೇ ನುಗ್ಗದ ಮೇಲೆ ಕರೆಂಟೇನು ಮಹಾ!

"ಅಯ್ಯೋ ನನ್ನ ಕರ್ಮವೇ! ರಗ್ಗು ಕಣೋ ಕ್ಲೆಮ್, ರಗ್ಗು! ಮೂಗಿಗೆ ಏಟು ಬಿತ್ತು ಅಂತ ಅಂಡಿನ ಕಡೆಯಿಂದ ಬರೋದು ಕಲ್ತಿದಾನೆ. ನಾನೇ ಕೈಯಾರೆ ಕವಚ ಹೊಲ್ಕೊಟ್ಟಿದೀನಿ ಈ ಕಳ್ಳನಿಗೆ!"

"ನನಗೆ ಹೆಂಗೆ ಹೊಳೀಬೇಕು ಹೇಳು," ಕ್ಲೆಮ್ ಬೆರಳು ಊದಿಕೊಳ್ಳುತ್ತ ಹೇಳಿದ. "ನನ್ನ ಹಸುಗಳ್ಯಾವೂ ಕೋಟು ಹಾಕ್ಕೊಳಲ್ಲ."

ಅಷ್ಟರಲ್ಲಿ ಗೇಟಿನ ಬಳಿ ಹಾರ್ನ್ ಕೇಳಿಸಿತು. ಗ್ಲೆನಿಸ್ ಖಾಲಿ ಟ್ರೇಲರ್ ಗಡಗಡಿಸುತ್ತ ಒಳಗೆ ಬಂದಳು. ಇಳಿದವಳು ಮೊದಲು ಕಂಡದ್ದು ಬೇಲಿಯ ಆಚೆ ಮೇಯುತ್ತಿದ್ದ ಅಡ್ಮಿರಲ್‌ನನ್ನು, ಆಮೇಲೆ ನೆಂದ ನೈಟಿಯ ತಂಗಿಯನ್ನು. ನೇರ ಹೋಗಿ ಟ್ರೇಲರ್‌ನ ಹಿಂಬಾಗಿಲು ಇಳಿಸಿದಳು.

"ಅರ್ಧ ಗಂಟೆ ಕೊಡು ಗ್ಲೆನಿ! ಸಿಕ್ಕಿಬಿದ್ದ! ಈಗಷ್ಟೇ ಸಿಕ್ಕಿಬಿದ್ದ!"

"ಮಾತು ಮಾತೇ."

"ಒಂದು ಕಪ್ ಚಹಾ ಕುಡಿಯೋಷ್ಟು ಹೊತ್ತು. ನಿನ್ನ ದಮ್ಮಯ್ಯ."

ಗ್ಲೆನಿಸ್ ಗಡಿಯಾರ ನೋಡಿದಳು, ಆಕಾಶ ನೋಡಿದಳು. "ಹಾಲು ಕಮ್ಮಿ," ಎಂದಳು.

ಮೆರಿಡಿ ಅಡ್ಮಿರಲ್‌ನನ್ನು ಒಳಗೆ ತಂದು ರಗ್ಗಿನ ಬಕಲ್ ಒಂದೊಂದಾಗಿ ಬಿಚ್ಚಿದಳು. ಈ ಗಾಳಿಯಲ್ಲಿ ಬರಿಮೈ ಮಾಡುವುದೆಂದರೆ ಅವಳಿಗೆ ಮಗುವನ್ನು ಬೀದಿಯಲ್ಲಿ ಬಿಟ್ಟಷ್ಟು ಸಂಕಟ. "ನೆಗಡಿಯಾದ್ರೆ?" ಎಂದಳು.

"ಅಷ್ಟು ಚರ್ಬಿ ಇಟ್ಕೊಂಡಿರೋನಿಗೆ ನೆಗಡಿ ದಾರಿ ಹುಡುಕ್ಕೊಂಡು ಒಳಗೆ ಹೋಗೋಷ್ಟರಲ್ಲಿ ಬೇಸಿಗೆ ಬಂದಿರತ್ತೆ," ಎಂದ ಕ್ಲೆಮ್.

ಅಡ್ಮಿರಲ್ ಮೈ ಕೊಡವಿಕೊಂಡು, ಏನೂ ಬದಲಾಗಿಲ್ಲವೆಂಬಂತೆ ಮೇಯತೊಡಗಿದ. ಮೂವರೂ ಕಾದರು. ಚಹಾ ಮುಗಿಯುತ್ತ ಬಂತು. ಅವನು ಅಲ್ಲಾಡಲಿಲ್ಲ. ಆಗ ಗ್ಲೆನಿಸ್ ಮಗ್ ಕೆಳಗಿಟ್ಟು, ಟ್ರೇಲರ್‌ನಿಂದ ಒಂದು ಬಕೆಟ್ ಓಟ್ಸ್ ತಂದು, ಬೇಲಿಯ ಆಚೆ ನಿಂತು ಸರಸರ ಅಲುಗಿಸಿದಳು.

"ಇದು ಮೋಸ!" ಮೆರಿಡಿ ಚೀರಿದಳು.

"ಇದು ಪರೀಕ್ಷೆ," ಎಂದಳು ಗ್ಲೆನಿಸ್.

ಅಡ್ಮಿರಲ್‌ನ ಕಿವಿ ನೆಟ್ಟಗಾಯಿತು. ಬೇಲಿಯವರೆಗೆ ಬಂದ, ತಿರುಗಿದ, ಹಿಂದೆ ಹಿಂದೆ ಸರಿದ. ಮೆರಿಡಿ ಕಣ್ಣು ಮುಚ್ಚಿಕೊಂಡಳು. ಬರಿಯ ಕುಂಡೆ ಪಟ್ಟಿಗೆ ತಾಗಿದ್ದೇ ತಡ, ಆ ಪೀಪಾಯಿ ನಾಲ್ಕೂ ಕಾಲು ನೆಲ ಬಿಟ್ಟು ಮೇಲೆದ್ದಿತು. ಅಂಥದೊಂದು ಹಾರಾಟ ಅವನು ಮರಿಯಾಗಿದ್ದಾಗಲೂ ಹಾರಿರಲಿಲ್ಲ. ಬೇಲಿಯೊಳಗಿನ ಜಾಗದ ನಡುವಿಗೆ ಓಡಿ, ತಿರುಗಿ ನಿಂತು, ಮೂವರನ್ನೂ ಬಕೆಟ್ಟನ್ನೂ ಮಹಾ ಅವಮಾನದಿಂದ ನೋಡಿದ. ಗ್ಲೆನಿಸ್ ಎಷ್ಟು ಅಲುಗಿಸಿದರೂ ಹತ್ತಿರ ಸುಳಿಯಲಿಲ್ಲ.

ಮೆರಿಡಿ ಕೂಗಿದಳು, ಕುಣಿದಳು, ಕ್ಲೆಮ್‌ನ ಟೋಪಿ ಕಿತ್ತು ಗಾಳಿಗೆ ಎಸೆದಳು. ಟೋಪಿ ಪಕ್ಕದ ಹೊಲದ ಹಸುಗಳ ನಡುವೆ ಬಿತ್ತು. ಕುದುರೆಯನ್ನು ಅಪ್ಪಿಕೊಳ್ಳಬೇಕೆಂದು ಬೇಲಿಯತ್ತ ಓಡಿದವಳು ಕರೆಂಟು ನೆನಪಾಗಿ ಸರಕ್ಕನೆ ನಿಂತಳು. ನಗುತ್ತ ಹಿಂತಿರುಗಿ ನೋಡಿದರೆ ಗ್ಲೆನಿಸ್ ನಗುತ್ತಿರಲಿಲ್ಲ. ಟ್ರೇಲರ್‌ನ ಬಾಗಿಲ ಮೇಲೆ ಕುಳಿತು ಬಕೆಟ್ಟಿನೊಳಗೆ ನೋಡುತ್ತಿದ್ದಳು.

"ಏನಾಯ್ತು ಗ್ಲೆನಿ?"

"ಅಲ್ಲಿ ಎಲ್ಲ ರೆಡಿ ಮಾಡಿ ಬಂದಿದ್ದೆ. ಲಾಯ ತೊಳ್ದು, ಹುಲ್ಲು ಹಾಸಿ." ಓಟ್ಸನ್ನು ಬೆರಳಿನಿಂದ ಕೆದಕಿದಳು. "ಅವನ ಗೊರಸಿನ ಚಿಂತೆ ನಿಜ. ಆದ್ರೆ ಬರೀ ಅದೇ ಅಲ್ಲ ಮೆರಿ. ನಂಗೆ ಅವನು ಬೇಕಿತ್ತು. ಬೆಳಿಗ್ಗೆ ಎದ್ರೆ ಅಂಗಳ ಬಿಕೋ ಅನ್ನತ್ತೆ. ಖಾಲಿ ಟ್ರೇಲರ್ ಎಳ್ಕೊಂಡು ಅಷ್ಟು ದೂರ ಹೆಂಗೆ ಹೋಗ್ಲಿ?"

ಮೆರಿಡಿಗೆ ತನ್ನ ಕುಣಿತದ ಮೇಲೆಯೇ ನಾಚಿಕೆಯಾಯಿತು. ಅಕ್ಕನ ಪಕ್ಕದಲ್ಲಿ ಕುಳಿತು ಭುಜಕ್ಕೆ ಭುಜ ತಾಗಿಸಿದಳು. "ಹೋಗು ಅಂತ ಹೇಳಿದ್ಯಾರು? ಬೇಲಿ ಸರಿಸೋಕೆ ಇಬ್ಬರಿದ್ರೆ ಸುಲಭ. ಈ ಹೊಲದ ಹುಲ್ಲು ಮುಗಿಯೋವರೆಗೂ ಇರು. ಆಮೇಲೆ ನೋಡೋಣ."

ಗ್ಲೆನಿಸ್ ಎದ್ದು, ಗಾಡಿಯಿಂದ ಟ್ರೇಲರ್ ಬಿಚ್ಚಿ ಶೆಡ್ಡಿನ ಪಕ್ಕಕ್ಕೆ ದಬ್ಬಿದಳು.

ಮರುದಿನ ಬೆಳಿಗ್ಗೆ ಅಕ್ಕತಂಗಿಯರು ಗೂಟ ಕಿತ್ತು ಬೇಲಿ ಮುಂದೆ ಸರಿಸಲು ನಿಂತರು. ಪಕ್ಕದ ಹೊಲದಲ್ಲಿ ಟೋಪಿ ಹುಡುಕುತ್ತ ಬಂದ ಕ್ಲೆಮ್ ಅಲ್ಲೇ ನಿಂತು ನೋಡಿದ. ಒಂದು ಹೆಜ್ಜೆಯಷ್ಟು ಎಂದು ಹೇಳಿದ್ದಳು ಪಶುವೈದ್ಯೆ. ಗ್ಲೆನಿಸ್ ಆರಡಿ ಎತ್ತರದ ಹೆಂಗಸು, ನಡೆದರೆ ಒಂಟೆಯ ದಾಪುಗಾಲು. ಅಂಥವಳು ಒಂದು ಪಾದದ ಮುಂದೆ ಇನ್ನೊಂದು ಪಾದವನ್ನು, ಹಿಮ್ಮಡಿಗೆ ಬೆರಳು ತಾಗಿಸಿ ಮೆಲ್ಲಗೆ ಇಟ್ಟು, "ಇಷ್ಟು," ಎಂದಳು.

"ಇದು ಹೆಜ್ಜೆನಾ?" ಕ್ಲೆಮ್ ನಕ್ಕ. "ಈ ಲೆಕ್ಕದಲ್ಲಿ ಹೊಲ ಮುಗಿಯೋಷ್ಟರಲ್ಲಿ ಕ್ರಿಸ್‌ಮಸ್ ಬಂದು ಹೋಗಿರತ್ತೆ."

ಗ್ಲೆನಿಸ್ ತಲೆಯೆತ್ತಲಿಲ್ಲ. ಮೆರಿಡಿ ಅಕ್ಕನ ಪಾದವನ್ನು ಒಮ್ಮೆ ನೋಡಿದಳು, ಮುಂದಿದ್ದ ಹಸಿರು ಹೊಲವನ್ನು ಒಮ್ಮೆ ನೋಡಿದಳು.

"ಜಾಸ್ತಿ ಆಯ್ತು ಕಣೇ," ಎಂದಳು. "ಇನ್ನೂ ಸ್ವಲ್ಪ ಹಿಂದಕ್ಕಿಡು."